ಪುಟ ಮೂರರ ಸಂಬಳ

ಮಾರ್ಚ್ 4

ಯಾಕಮ್ಮನಿಗೆ,

ಈ ಹೆಸರಿನಿಂದ ಕರೆಯುವವರು ಈಗ ಅಲ್ಲಿ ಯಾರೂ ಇರಲಾರರು. ಮೂರು ವರ್ಷ ನನ್ನ ಇತಿಹಾಸದ ತರಗತಿಯಲ್ಲಿ ಕೂತು, ನಾನು ಒಂದು ವಾಕ್ಯ ಮುಗಿಸುವುದರೊಳಗೆ "ಯಾಕೆ ಮೇಷ್ಟ್ರೇ?" ಎಂದು ಅಡ್ಡ ಬರುತ್ತಿದ್ದವಳಿಗೆ ಬೇರೆ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ನನಗೆ ಬೇಕಾದ ಹಾಗೆ ಕೇಳಿಸುತ್ತದೆ. ಅದಕ್ಕೇ ಕಾಗದ.

ಕಾಲೇಜಿಗೆ ಹೊಸ ಆಡಳಿತಾಧಿಕಾರಿ ಬಂದಿದ್ದಾನೆ. ವಯಸ್ಸು ಮೂವತ್ತೈದು, ಬಾಯಿ ತೆರೆದರೆ ಶೇಕಡಾ. ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರ ಮೂರನ್ನೂ ಒಂದೇ ಕಡತಕ್ಕೆ ಹಾಕಿ ಮೇಲೆ "ಆದಾಯವಿಲ್ಲದ ವಿಷಯಗಳು" ಎಂದು ಚೀಟಿ ಅಂಟಿಸಿದ್ದಾನೆ. ಕಳೆದ ವಾರ ನನ್ನನ್ನು ಕೂರಿಸಿಕೊಂಡು ಕೇಳಿದ: "ಮೇಷ್ಟ್ರೇ, ಒಂದು ಹುಡುಗಿ ನಿಮ್ಮ ಡಿಗ್ರಿಗೆ ಇಷ್ಟು ದುಡ್ಡು ಹಾಕ್ತಾಳೆ. ವಾಪಸ್ ಎಷ್ಟು ಬರುತ್ತೆ? ಎಷ್ಟು ವರ್ಷಕ್ಕೆ ಬರುತ್ತೆ?"

"ಬರೋದೆಲ್ಲ ಲೆಕ್ಕಕ್ಕೆ ಸಿಗಲ್ಲಪ್ಪ," ಅಂದೆ.

"ಲೆಕ್ಕಕ್ಕೆ ಸಿಗದೇ ಇರೋದಕ್ಕೆ ನಾನು ಸಂಬಳ ಕೊಡೋಕಾಗಲ್ಲ," ಅಂದ. ತಲೆಯಾಡಿಸಿ ಎದ್ದು ಬಂದೆ. ಮೂವತ್ತು ವರ್ಷ ಪಾಠ ಮಾಡಿದ ಬಾಯಿ ನೋಡು.

ಅವನದು ಎರಡು ಷರತ್ತು. ನಮ್ಮ ಹಳೆಯ ವಿದ್ಯಾರ್ಥಿಗಳ ಸರಾಸರಿ ಸಂಬಳ ತಿಂಗಳಿಗೆ ನಲವತ್ತು ಸಾವಿರ ದಾಟಬೇಕು. ಈ ವರ್ಷ ಹದಿನೈದು ಜನ ಸೇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಜುಲೈಗೆ ವಿಭಾಗಕ್ಕೆ ಬೀಗ. ನನ್ನ ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇದೆ. ಈ ವಯಸ್ಸಿನಲ್ಲಿ ನನ್ನನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ?

ಮೂವತ್ತೊಂದು ಜನರಿಗೆ ಬರೆದೆ. ಹತ್ತು ಉತ್ತರ ಬಂದಿವೆ, ಸರಾಸರಿ ಮೂವತ್ತೇಳು. ಜೊತೆಗಿರುವ ಫಾರಂ ತುಂಬಿ ಕಳಿಸು. ಇದ್ದದ್ದನ್ನೇ ಬರಿ. ಊಟ, ಬಸ್ಸು, ಬೋನಸ್ಸು ಎಲ್ಲ ಸೇರಿಸಿ ಹೇಳುವವರೂ ಇದ್ದಾರೆ ಅನ್ನುವುದು ಗಮನದಲ್ಲಿರಲಿ.

ಮೇಷ್ಟ್ರು


ಮಾರ್ಚ್ 17

ಮೇಷ್ಟ್ರೇ,

ನಿಮ್ಮ ಕಾಗದ ನೋಡಿ ನನ್ನ ಕೋಣೆಯ ಗೆಳತಿ, "ಸ್ಟಾಂಪ್ ಹಚ್ಚೋರು ಇನ್ನೂ ಬದುಕಿದ್ದಾರೇನೇ?" ಎಂದು ಬಿದ್ದು ಬಿದ್ದು ನಕ್ಕಳು. ನಾನು ಮಾತ್ರ ಎರಡು ಸಲ ಓದಿದೆ. ಕೊನೆಯ ಸಾಲನ್ನು ಮೂರು ಸಲ.

ನನ್ನ ಕೆಲಸ ಏನು ಎಂದು ಫಾರಂನಲ್ಲಿ ಕೇಳಿದ್ದೀರಿ. ದೊಡ್ಡ ಕಂಪನಿ. ಜನ ಮನೆಯಲ್ಲಿ ಕೂತು ಸಾಮಾನು ತರಿಸಿಕೊಳ್ಳುತ್ತಾರೆ, ಬೇಡವಾದರೆ ವಾಪಸ್ ಕಳಿಸುತ್ತಾರೆ. ಆ ವಾಪಸ್ ಬಂದದ್ದೆಲ್ಲ ನಮ್ಮ ಉಗ್ರಾಣಕ್ಕೆ ಬರುತ್ತದೆ. ಡಬ್ಬ ಬಿಚ್ಚಿ, ನೋಡಿ, ಯಾಕೆ ವಾಪಸ್ ಬಂತು ಎಂದು ಒಂಬತ್ತು ಕಾರಣಗಳಲ್ಲಿ ಒಂದರ ನಂಬರು ಅಂಟಿಸಬೇಕು. ಮೊನ್ನೆ ಒಬ್ಬ ಮಹಾರಾಯ ಬೂಟು ಕಳಿಸಿದ್ದ. ಅಟ್ಟೆ ಸವೆದು ಕಾಗದವಾಗಿದೆ, ಸಂದಿಯಲ್ಲೆಲ್ಲ ಕೆಸರು. ಒಳಗೆ ಚೀಟಿ: "ಒಮ್ಮೆಯೂ ಹಾಕಿಲ್ಲ." ಹಾಕದೇ ಇಷ್ಟು ಸವೆದಿದೆ, ಹಾಕಿದ್ದರೆ ದೇವರೇ ಗತಿ!

ದಿನಕ್ಕೆ ಮುನ್ನೂರು ಡಬ್ಬ. ಕಿಟಕಿ ಇಲ್ಲ. ಬಚ್ಚಲಿಗೆ ಹೋದರೆ ಬಾಗಿಲಿಗೆ ಕಾರ್ಡು ಒತ್ತಬೇಕು, ಐದು ನಿಮಿಷ ದಾಟಿದರೆ ಕೆಂಪು ದೀಪ. ಇಲ್ಲಿಗೆ ಬಂದು ಆರು ವರ್ಷವಾಯಿತು. ಖಾಯಂ ಕೆಲಸ, ಅಮ್ಮನಿಗೆ ಅದೇ ದೊಡ್ಡ ಸಮಾಧಾನ.

ಒಂದು ಗುಟ್ಟು, ನಿಮಗೊಬ್ಬರಿಗೇ. ಇಲ್ಲಿನ ಹಳೆಯ ದಾಖಲೆಗಳ ಕಚೇರಿಗೆ ಒಬ್ಬರು ಬೇಕಂತೆ. ನೂರಾರು ವರ್ಷದ ಕೋರ್ಟು ಕಾಗದ, ಅರ್ಜಿ, ಪತ್ರಗಳನ್ನು ಓದಿ ಪಟ್ಟಿ ಮಾಡುವ ಕೆಲಸ. ಹಳೆಯ ಕೈಬರಹ ಓದಲು ಬರಬೇಕು. ಅದನ್ನು ನೀವು ಮೂರನೇ ವರ್ಷ ನಮ್ಮ ಕಿವಿ ಹಿಂಡಿ ಕಲಿಸಿದ್ದಿರಲ್ಲ. ಅರ್ಜಿ ಹಾಕಿದ್ದೇನೆ. ಸಿಕ್ಕರೆ ಬದುಕಿದೆ. ಸಿಗದಿದ್ದರೆ ಈ ಒಂಬತ್ತು ನಂಬರುಗಳ ಮಧ್ಯೆಯೇ ಮುದುಕಿಯಾಗುತ್ತೇನೆ, ಖಂಡಿತ.

ಫಾರಂ ತುಂಬಿದ್ದೇನೆ. ಎಪ್ಪತ್ತೈದು ಸಾವಿರ. ಊಟ, ಬಸ್ಸು, ಬೋನಸ್ಸು ಎಲ್ಲ ಸೇರಿ.

ನಿಮ್ಮ ಯಾಕಮ್ಮ


ಏಪ್ರಿಲ್ 3

ಯಾಕಮ್ಮ,

ಬದುಕಿಸಿದೆ ಕಣೇ! ನಿನ್ನದು ಸೇರಿದ ಮೇಲೆ ಸರಾಸರಿ ನಲವತ್ತು ದಾಟಿತು. ಆಡಳಿತಾಧಿಕಾರಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ. "ಇತಿಹಾಸ ಓದಿ ಎಪ್ಪತ್ತೈದಾ?" ಅಂದ. "ಯಾಕಪ್ಪ, ಓದಬಾರದಾ?" ಅಂದೆ. ಮೂವತ್ತು ವರ್ಷದಲ್ಲಿ ನಾನು ಎದೆ ಉಬ್ಬಿಸಿ ನಡೆದ ದಿನ ಇದ್ದರೆ ಅದೊಂದೇ.

ಈಗ ಬಣ್ಣದ ಪುಸ್ತಿಕೆ ಅಚ್ಚಾಗಿದೆ, ನಾಲ್ಕು ಸಾವಿರ ಪ್ರತಿ. ಮೂರನೇ ಪುಟದಲ್ಲಿ ನೀನು. ಬೀಳ್ಕೊಡುಗೆ ದಿನದ ಗುಂಪುಚಿತ್ರದಿಂದ ನಿನ್ನ ಮುಖವನ್ನಷ್ಟೇ ಕತ್ತರಿಸಿದ್ದಾರೆ. ಪಕ್ಕದವಳ ಜಡೆ ನಿನ್ನ ಭುಜದ ಮೇಲೆ ಉಳಿದುಬಿಟ್ಟಿದೆ. ಕೆಳಗೆ ದಪ್ಪ ಅಕ್ಷರದಲ್ಲಿ ಸಂಬಳ.

ಇನ್ನು ಹದಿನೈದು ಜನರನ್ನು ಹಿಡಿಯಬೇಕು. ಈ ವರ್ಷದಿಂದ ಅಧ್ಯಾಪಕರೇ ಮನೆ ಮನೆಗೆ ಹೋಗಿ ಹುಡುಗರನ್ನು ಕರೆತರಬೇಕಂತೆ. ಚೀಲದ ತುಂಬ ಪುಸ್ತಿಕೆ ಹಾಕಿಕೊಂಡು, ಪಾತ್ರೆ ಮಾರುವವನ ಹಾಗೆ ಬೀದಿ ಬೀದಿ ಸುತ್ತುತ್ತಿದ್ದೇನೆ. ನನ್ನ ಅವಸ್ಥೆ ನೋಡಿದರೆ ನೀನೂ ಒಂದು ಪುಸ್ತಿಕೆ ಕೊಳ್ಳುತ್ತೀಯ. ನಿನ್ನ ಸಂದರ್ಶನ ಏನಾಯಿತು? ಬರಿ.

ಮೇಷ್ಟ್ರು


ಏಪ್ರಿಲ್ 22

ಮೇಷ್ಟ್ರೇ,

ಊರಲ್ಲಿ ಅಷ್ಟು ಮನೆಗಳಿದ್ದವು. ನಮ್ಮ ಮನೆಯ ಬಾಗಿಲೇ ಬೇಕಿತ್ತಾ ನಿಮಗೆ?

ಭಾನುವಾರ ಅಮ್ಮ ಫೋನ್ ಮಾಡಿದ್ದಳು. ಹೇಗಿದ್ದೀಯ ಎಂದೂ ಕೇಳಲಿಲ್ಲ. "ಎಪ್ಪತ್ತೈದು ಸಾವಿರ ತಗೊಂಡು ನಮಗೆ ಹತ್ತು ಕಳಿಸ್ತೀಯಾ? ನಾನಿಲ್ಲಿ ಶಾಲೆ ಹುಡುಗರ ಚಡ್ಡಿಗೆ ಗುಂಡಿ ಹಾಕಿ ಹಾಕಿ ಬೆರಳು ತೂತು ಮಾಡ್ಕೋತಿದ್ದೀನಿ. ಊರಿಗೆ ಉಪಕಾರಿ, ಮನೆಗೆ ಮಾರಿ!" ಎಂದಳು. ನಾನು ಬಾಯಿ ಬಿಡುವುದರೊಳಗೆ ಇಟ್ಟುಬಿಟ್ಟಳು. ಆಮೇಲೆ ನನ್ನ ಫೋನ್ ಎತ್ತುತ್ತಲೂ ಇಲ್ಲ.

ಈಗ ನಿಜ ಕೇಳಿ. ನನ್ನ ಸಂಬಳ ಇಪ್ಪತ್ತೆರಡು ಸಾವಿರ. ಫಾರಂ ಬಂದ ದಿನ ಊಟದ ಬಿಡುವಿನಲ್ಲಿ ಇಪ್ಪತ್ತೆರಡು ಎಂದೇ ಬರೆದಿದ್ದೆ. ನೋಡಿದೆ. ನಿಮ್ಮ ಮುಂದೆ ಆ ಅಂಕಿ ಇಡಲು ನಾಚಿಕೆಯಾಯಿತು. ಆಮೇಲೆ ಹತ್ತು ಜನರ ಸರಾಸರಿ ಮೂವತ್ತೇಳು ಎಂದಿದ್ದಿರಲ್ಲ, ಲೆಕ್ಕ ಹಾಕಿದೆ. ಎಪ್ಪತ್ತು ಬರೆದರೆ ಸರಿಯಾಗಿ ನಲವತ್ತಕ್ಕೆ ನಿಲ್ಲುತ್ತದೆ. ದಾಟಲಿ ಎಂದು ಇನ್ನೈದು ಸೇರಿಸಿದೆ. ಒಂದು ಕಡತದಲ್ಲಿ ಸತ್ತು ಬಿದ್ದಿರುವ ಅಂಕಿಯಾಗುತ್ತದೆ ಎಂದುಕೊಂಡಿದ್ದೆ. ಅದಕ್ಕೆ ನನ್ನ ಮುಖ ಅಂಟಿಸಿ ನನ್ನಮ್ಮನ ಕೈಗೇ ಕೊಡುತ್ತೀರಿ ಎಂದು ನನಗೇನು ಗೊತ್ತು?

ತಂಗಿಯನ್ನು ಇತಿಹಾಸಕ್ಕೆ ಸೇರಿಸುತ್ತಾಳಂತೆ ಅಮ್ಮ. ಹೊಲಿಗೆ ಕೋಣೆಯನ್ನೂ ನಾಲ್ಕು ಯಂತ್ರಗಳನ್ನೂ ಅಡ ಇಡುತ್ತಾಳಂತೆ. "ಹೇಗೂ ಮೂರೇ ವರ್ಷದಲ್ಲಿ ವಾಪಸ್ ಬರುತ್ತಲ್ಲ" ಅಂದಳಂತೆ ಪಕ್ಕದ ಮನೆಯವರ ಹತ್ತಿರ. ನೀವೇ ಹೋಗಿ ನಿಜ ಹೇಳಿ. ಕೈ ಮುಗಿಯುತ್ತೇನೆ.

ನಗಬೇಕೋ ಅಳಬೇಕೋ ತಿಳಿಯದ ಇನ್ನೊಂದು ಸುದ್ದಿ. ದಾಖಲೆ ಕಚೇರಿಯ ಕೆಲಸ ಸಿಕ್ಕಿತು. ಸಂದರ್ಶನದಲ್ಲಿ ಒಂದು ಹಳೆಯ ಅರ್ಜಿ ಓದಿಸಿದರು. ಯಾರೋ ಒಬ್ಬ ವಿಧವೆ ತನ್ನ ಬಾವಿಯ ಹಕ್ಕು ಕೇಳಿದ್ದು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಎದುರು ಕೂತಿದ್ದ ಮೂವರನ್ನೂ ಮರೆತುಬಿಟ್ಟಿದ್ದೆ. ಜುಲೈ ಒಂದಕ್ಕೆ ಸೇರಬೇಕು. ಹತ್ತೊಂಬತ್ತು ಸಾವಿರ, ಮೂರು ವರ್ಷದ ಕರಾರು, ಖಾಯಂ ಅಲ್ಲ. ಮನೆಯಲ್ಲಿ ಹೇಳಿಲ್ಲ. ಕಡಿಮೆ ಸಂಬಳಕ್ಕೆ ಹೋಗುತ್ತೇನೆ ಎಂದರೆ ಅಮ್ಮ ನನ್ನನ್ನು ನೀರಿಲ್ಲದ ಬಾವಿಗೆ ತಳ್ಳುತ್ತಾಳೆ. ಆದರೆ ಮೇಷ್ಟ್ರೇ, ಆ ಕೋಣೆಗೆ ಆರು ಕಿಟಕಿ ಇವೆ. ಎಣಿಸಿದೆ.

ಯಾಕಮ್ಮ


ಮೇ 3

ಯಾಕಮ್ಮ,

ಬೈದದ್ದು ಸಾಲದು, ಇನ್ನೂ ಬೈಯಬೇಕಿತ್ತು ನೀನು. ನಿನ್ನ ಫಾರಂ ಕೈಗೆ ಬಂದಾಗಲೇ ನನಗೆ ಗೊತ್ತಾಗಿತ್ತು. ಡಬ್ಬ ಬಿಚ್ಚುವವರಿಗೆ ಎಪ್ಪತ್ತೈದು ಕೊಡುವ ಕಂಪನಿ ಭೂಮಿಯ ಮೇಲಿಲ್ಲ. ಸರಾಸರಿಯನ್ನು ನಿನಗೆ ಬರೆದದ್ದೂ ಸುಮ್ಮನೆ ಅಲ್ಲ. ನೀನು ಲೆಕ್ಕ ಹಾಕುತ್ತೀಯ ಎಂದು ನನಗೆ ಗೊತ್ತಿತ್ತು. ನಿಮ್ಮ ಮನೆಗೆ ಹೋಗಿದ್ದೂ ಗೊತ್ತಿದ್ದೇ. ಹದಿಮೂರಕ್ಕೆ ನಿಂತಿತ್ತು ಸಂಖ್ಯೆ. ನಿನ್ನ ತಂಗಿ ಈ ವರ್ಷ ಹನ್ನೆರಡನೇ ತರಗತಿ ಮುಗಿಸಿದಳು ಎಂದು ಯಾರೋ ಹೇಳಿದರು, ನನ್ನ ಕಾಲುಗಳು ಆ ಕಡೆಗೇ ತಿರುಗಿದವು.

ನಿನ್ನೆ ಹೋಗಿದ್ದೆ. ನಿಮ್ಮಮ್ಮ ಯಂತ್ರ ತುಳಿಯುತ್ತಲೇ ಕೇಳಿಸಿಕೊಂಡರು. ಎಲ್ಲ ಹೇಳಿದ ಮೇಲೆ ಹಲ್ಲಿನಲ್ಲಿ ದಾರ ಕಡಿದು, "ಅವಳು ಹೇಳಿಕೊಟ್ಟಿದ್ದು ಹೇಳ್ತಿದ್ದೀರಿ ನೀವು," ಅಂದರು. "ಇಲ್ಲಮ್ಮ, ನನ್ನಾಣೆ," ಅಂದೆ. "ಅಚ್ಚು ಹಾಕಿಸಿದ್ದು ಸುಳ್ಳು, ಬಾಯಲ್ಲಿ ಹೇಳಿದ್ದು ನಿಜವಾ? ಯಾವ ಊರಿನ ನ್ಯಾಯ ಇದು ಮೇಷ್ಟ್ರೇ? ಅವಳಿಗೆ ತಂಗಿ ಓದೋದು ಬೇಡ. ಓದಿದ್ರೆ ದುಡ್ಡು ಕೊಡಬೇಕಲ್ಲ!" ಪುಸ್ತಿಕೆಗೆ ಬಟ್ಟೆಯ ಹೊದಿಕೆ ಹಾಕಿ ಕತ್ತರಿಯ ಪಕ್ಕ ಇಟ್ಟುಕೊಂಡಿದ್ದಾರೆ.

ನಿನ್ನ ತಂಗಿ ನನ್ನನ್ನು ಬೀದಿಯ ತಿರುವಿನವರೆಗೆ ಕಳಿಸಲು ಬಂದಳು. "ಅಮ್ಮ ನಂಬಿದ್ದು ಬಿಡಿ, ಅವಳಿಗೆ ಬೇಕಿತ್ತು, ನಂಬಿದಳು. ಸುಳ್ಳು ಅಂತ ಗೊತ್ತಿದ್ದೂ ನೀವು ಹಂಚಿದ್ರಲ್ಲ, ಅದಕ್ಕೇನು ಹೇಳ್ತೀರಿ?" ಎಂದಳು. ಹೊತ್ತಾಯಿತು ಎಂದು ಹೆಜ್ಜೆ ಹಾಕಿದೆ.

ನಿನ್ನ ಸಂಬಳದ ಚೀಟಿ ಕಳಿಸು. ಅದೂ ಅಚ್ಚಾದ ಕಾಗದವೇ. ಅದನ್ನಾದರೂ ನಂಬುತ್ತಾರೇನೋ.

ಮೇಷ್ಟ್ರು


ಮೇ 12

ಮೇಷ್ಟ್ರೇ,

ಚೀಟಿ ಇದರ ಜೊತೆಗಿದೆ. ಅಮ್ಮನಿಗೆ ತೋರಿಸಿ. ತಂಗಿಗೂ ತೋರಿಸಿ. ಸೇರಬೇಡ ಎಂದು ನನ್ನ ಬಾಯಿಂದಲೇ ಹೇಳಿದೆ ಎನ್ನಿ.

ನಿಮ್ಮ ಮೇಲೆ ಸಿಟ್ಟು ಇಳಿದಿಲ್ಲ. ಆದರೆ ಬೈಯಲು ಇಲ್ಲಿ ಬೇರೆ ಯಾರೂ ಇಲ್ಲ, ಹೇಳಿಕೊಳ್ಳಲೂ ಇಲ್ಲ. ಹೀಗಾಗಿ ಎರಡೂ ನಿಮಗೇ.

ನನ್ನ ಪಾಳಿಯ ಮೇಲ್ವಿಚಾರಕಿ ನನಗಿಂತ ಎರಡು ವರ್ಷ ಚಿಕ್ಕವಳು. ಹತ್ತನೇ ತರಗತಿ ಮುಗಿಸಿ ನೇರ ಇಲ್ಲಿಗೆ ಬಂದಳು. ನಾನು ನಿಮ್ಮ ತರಗತಿಯಲ್ಲಿ ಕೂತಿದ್ದ ಮೂರು ವರ್ಷ ಅವಳು ಇಲ್ಲಿ ನಿಂತಿದ್ದಳು. ಈಗ ಅವಳಿಗೆ ಮೂವತ್ತನಾಲ್ಕು, ನನಗೆ ಇಪ್ಪತ್ತೆರಡು. ನಿಮ್ಮ ಆಡಳಿತಾಧಿಕಾರಿ ಕೇಳಿದ ಪ್ರಶ್ನೆಗೆ ಇದೇ ಉತ್ತರ. ನನ್ನ ಮೂರು ವರ್ಷದ ಫೀಸು, ಪುಸ್ತಕ, ಆ ಮೂರು ವರ್ಷ ದುಡಿಯದೇ ಕಳೆದ ಸಂಬಳ, ಎಲ್ಲ ನೀರಲ್ಲಿ ಹೋಮ.

ಹಾಗೆಂದು ಏನೂ ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಸುಳ್ಳು ಸಾಕಾಗಿದೆ ನನಗೆ. ಆ ಒಂಬತ್ತು ಕಾರಣಗಳಿವೆಯಲ್ಲ: ಹಿಡಿಸಲಿಲ್ಲ, ಅಳತೆ ತಪ್ಪಾಗಿ ಹೇಳಿದರು, ಮನಸ್ಸು ಬದಲಾಯಿತು, ಹೀಗೆ. ಒಂಬತ್ತರಲ್ಲೂ ತಪ್ಪು ಕೊಂಡವರದೇ. ನಾವು ಕಳಿಸಿದ್ದೇ ತಪ್ಪು ಎನ್ನುವುದಕ್ಕೆ ನಂಬರೇ ಇಲ್ಲ. ಆರು ವರ್ಷದಲ್ಲಿ ಅದು ಕಣ್ಣಿಗೆ ಬಿದ್ದದ್ದು ನನಗೊಬ್ಬಳಿಗೇ. ಕೇಳಿದೆ. ಮೇಲ್ವಿಚಾರಕಿ, "ನಿಂದು ಡಿಗ್ರಿ ತಲೆ, ಕೈ ಆಡಿಸು," ಎಂದಳು. ನಿಮ್ಮ ಡಿಗ್ರಿ ನನಗೆ ಕೊಟ್ಟದ್ದು ಇದು. ಬಾಗಿಲು ಹಾಕಿದೆ ಎಂದು ಉಳಿದವರಿಗಿಂತ ಮೊದಲು ಗೊತ್ತಾಗುತ್ತದೆ, ಅಷ್ಟೇ.

ದಾಖಲೆ ಕಚೇರಿಗೆ ಒಪ್ಪಿಗೆ ಬರೆದು ಕಳಿಸಿದ್ದೇನೆ. ಇನ್ನು ಐವತ್ತು ದಿನ.

ಯಾಕಮ್ಮ


ಜೂನ್ 5

ಯಾಕಮ್ಮ,

ಚೀಟಿ ನೋಡಿ ನಿಮ್ಮಮ್ಮ ಯಂತ್ರ ನಿಲ್ಲಿಸಿದರು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮೇಜಿನ ಮೇಲೇ ಲೆಕ್ಕ ಬರೆದರು. ಇಪ್ಪತ್ತೆರಡು, ಅದರಲ್ಲಿ ಹತ್ತು ಮನೆಗೆ. ಕೋಣೆ ಬಾಡಿಗೆ ಏಳು ಎಂದು ತಂಗಿ ಹೇಳಿದಳು. "ಉಳಿದಿದ್ದು ಐದು. ಏನು ತಿಂತಾಳೆ ಇವಳು?" ಎಂದು ನನ್ನನ್ನು ಕೇಳಿದರು, ನನಗೆ ಗೊತ್ತಿರುವ ಹಾಗೆ. ಆಮೇಲೆ ಗೋಡೆಯ ಕಡೆ ತಿರುಗಿ ಕೂತುಬಿಟ್ಟರು. ನಿನಗೆ ಫೋನ್ ಮಾಡಲು ಮುಖವಿಲ್ಲವಂತೆ. ನೀನೇ ಮಾಡು.

ಯಂತ್ರ ಅಡ ಇಡುವ ಮಾತು ಬಿಟ್ಟರು. ತಂಗಿಯ ಮಾತು ಮಾತ್ರ ಬೇರೆ. "ಅಕ್ಕನ ಸಂಬಳ ನೋಡಿ ಓದಬೇಕು ಅಂದುಕೊಂಡಿರಲಿಲ್ಲ ನಾನು. ಅವಳ ಪುಸ್ತಕಗಳ ಅಂಚಲ್ಲಿ ಅವಳು ಬರೆದಿರೋದು ಓದಿ ಓದಿ ಅಂದುಕೊಂಡಿದ್ದು. ಇಪ್ಪತ್ತೆರಡೇ ಬರಲಿ, ಎರಡೇ ಬರಲಿ, ನನಗೆ ಬೇಕು," ಎಂದಳು. ಅವಳ ಮುಖ ನೋಡಿ ಬೇಡ ಎನ್ನಲು ನನ್ನಿಂದ ಆಗಲಿಲ್ಲ, ನಿಮ್ಮಮ್ಮನಿಂದಲೂ ಆಗಲಿಲ್ಲ.

ಬ್ಯಾಂಕಿನಲ್ಲಿ ಓದಿನ ಸಾಲ ಸಿಗುತ್ತದೆ. ಅಡ ಬೇಡ, ಒಬ್ಬರ ಜಾಮೀನು ಸಾಕು. ಫಾರಂ ಇದರೊಂದಿಗಿದೆ. ಜಾಮೀನುದಾರರು ಖಾಯಂ ನೌಕರಿಯಲ್ಲಿರಬೇಕು, ಸಾಲ ತೀರುವ ಏಳು ವರ್ಷವೂ ಅದರಲ್ಲೇ ಇರುತ್ತೇನೆಂದು ಬರೆದುಕೊಡಬೇಕು. ಇಪ್ಪತ್ತೆರಡು ಸಾಕಂತೆ. ದಾಖಲೆ ಕಚೇರಿಯೂ ಖಾಯಂ ತಾನೇ? ಆಮೇಲೆ ಅಲ್ಲಿಗೆ ಬದಲಾಯಿಸಿಕೊಂಡರೆ ಬ್ಯಾಂಕಿನವರು ತಕರಾರು ಮಾಡಲಾರರು. ಜೂನ್ ಇಪ್ಪತ್ತು ಕೊನೆಯ ದಿನ.

ನಿನಗೆ ಆಗದಿದ್ದರೆ ಆಗದು ಎಂದು ಒಂದು ಸಾಲು ಬರಿ, ಮಗುವಿಗೆ ನಾನೇ ಹೇಳುತ್ತೇನೆ. ನನ್ನ ಸಂಖ್ಯೆ ಎಷ್ಟಕ್ಕೆ ಬಂದು ನಿಂತಿದೆ ಎಂದು ಈ ಸಲ ಬರೆಯುವುದಿಲ್ಲ.

ಮೇಷ್ಟ್ರು


ಜೂನ್ 15

ಮೇಷ್ಟ್ರೇ,

ಸಹಿ ಮಾಡಿದ್ದೇನೆ. ಮೂರು ಕಡೆ ಗುರುತು ಹಾಕಿದ್ದಿರಿ, ಮೂರೂ ಕಡೆ.

ದಾಖಲೆ ಕಚೇರಿಯವರು ಆ ಹುದ್ದೆಯನ್ನೇ ರದ್ದು ಮಾಡಿದರಂತೆ. ದುಡ್ಡಿಲ್ಲವಂತೆ. ಹೀಗಾಗಿ ನಾನು ಕಳೆದುಕೊಳ್ಳುವುದು ಏನೂ ಇಲ್ಲ, ನೀವು ತಲೆ ಕೆಡಿಸಿಕೊಳ್ಳಬೇಡಿ. ಆ ಕೆಲಸದ ವಿಷಯ ಮನೆಯಲ್ಲಿ ಗೊತ್ತಿಲ್ಲ. ಗೊತ್ತಾಗುವುದೂ ಬೇಡ, ತಂಗಿಗಂತೂ ಬೇಡವೇ ಬೇಡ.

ಅಮ್ಮನ ಜೊತೆ ಮಾತಾಡಿದೆ. ಇಬ್ಬರೂ ಅತ್ತೆವು, ಆಮೇಲೆ ಅವಳು ನನ್ನ ಊಟದ ಬಗ್ಗೆ ಅರ್ಧ ಗಂಟೆ ಬೈದಳು. ಹಾಯೆನಿಸಿತು.

ತಂಗಿಗೆ ಹೊಸ ಪುಸ್ತಕ ಕೊಳ್ಳಬೇಡ ಎನ್ನಿ. ನನ್ನವು ಸಾಕು. ಹಳೆಯ ಕೈಬರಹ ಓದುವುದನ್ನು ಅವಳಿಗೂ ಕಲಿಸಿ, ಕಿವಿ ಹಿಂಡಿಯಾದರೂ ಸರಿ.

ಇಲ್ಲಿ ಎಲ್ಲ ಎಂದಿನಂತೆ.

ಯಾಕಮ್ಮ


ಜುಲೈ 1

ಯಾಕಮ್ಮ,

ಇವತ್ತು ಮೊದಲ ತರಗತಿ. ಹದಿನೈದು ಜನ. ನಿನ್ನ ತಂಗಿ ಎರಡನೇ ಬೆಂಚಿನಲ್ಲಿ, ನಿನ್ನ ಪುಸ್ತಕ ಹಿಡಿದು. ಆಡಳಿತಾಧಿಕಾರಿ ಬಾಗಿಲಲ್ಲಿ ನಿಂತು ತಲೆ ಎಣಿಸಿ, ಹದಿನೈದಕ್ಕೆ ಬಂದಾಗ ನಕ್ಕು, ನನಗೆ ಹೆಬ್ಬೆರಳು ತೋರಿಸಿ ಹೋದ. ನಿನ್ನ ತಂಗಿ ಬರದಿದ್ದರೆ ಇವತ್ತು ನಾನು ಮನೆಯಲ್ಲಿರುತ್ತಿದ್ದೆ.

ನೀನು ಇವತ್ತು ಎಲ್ಲಿರಬೇಕಿತ್ತು ಎಂದು ನನಗೆ ಗೊತ್ತು.

ನಿನ್ನ ಕಾಗದ ಹದಿನೆಂಟಕ್ಕೆ ಬಂತು. ಹಳೆಯದನ್ನು ತೆಗೆದು ಓದಿದೆ: ಮೂರು ವರ್ಷದ ಕರಾರು, ಖಾಯಂ ಅಲ್ಲ. ಅಷ್ಟು ಸ್ಪಷ್ಟವಾಗಿ ಬರೆದಿದ್ದೆ ನೀನು. ಮರುದಿನ ದಾಖಲೆ ಕಚೇರಿಗೆ ಫೋನ್ ಮಾಡಿದೆ. ನನ್ನ ಕಿವಿ ನಿನಗೆ ಗೊತ್ತಲ್ಲ, ಅಲ್ಲಿನ ಗುಮಾಸ್ತರು ಪಾಪ ಕಿರುಚಿ ಕಿರುಚಿ ಹೇಳಿದರು. ಹುದ್ದೆ ಇದೆಯಂತೆ. ಮೊದಲು ಆಯ್ಕೆಯಾದವರು ಬರುವುದಿಲ್ಲ ಎಂದು ಬರೆದರಂತೆ, ಎರಡನೆಯವರು ಒಂದನೇ ತಾರೀಕಿಗೆ ಸೇರುತ್ತಾರಂತೆ. "ಅವರಿಗೆ ಈಗಲೂ ಬರೋ ಮನಸ್ಸಿದ್ರೆ ನಾಳೆ ಸಾಯಂಕಾಲದವರೆಗೆ ಕಾಯ್ತೀವಿ," ಎಂದರು. ಅದನ್ನು ಪೂರ್ತಿ ಕೇಳಿಸಿಕೊಂಡೆ. ಒಂದಕ್ಷರವೂ ತಪ್ಪಲಿಲ್ಲ.

ಇಪ್ಪತ್ತನೇ ತಾರೀಕು ಬೆಳಗ್ಗೆ ನಿನ್ನ ಫಾರಂ ಹಿಡಿದು ಬ್ಯಾಂಕಿಗೆ ಹೋದೆ. ನನ್ನ ಮುಂದೆ ನಾಲ್ಕು ಜನ ಇದ್ದರು. ಎದ್ದು ಬರಲು, ನಿನಗೊಂದು ಫೋನ್ ಮಾಡಲು ಬೇಕಾದಷ್ಟು ಹೊತ್ತಿತ್ತು. ನನ್ನ ಸರದಿ ಬಂತು. ಕೊಟ್ಟೆ. ಮುದ್ರೆ ಒತ್ತಿಸಿಕೊಂಡು ಮನೆಗೆ ಬಂದು ಊಟವನ್ನೂ ಮಾಡಿದೆ.

ನಿನ್ನ ತಂಗಿಗೆ ಏನೂ ಹೇಳಿಲ್ಲ. ಅವಳು ತರಗತಿ ಮುಗಿದ ಮೇಲೆ ಬಂದು, "ಇವತ್ತು ಅಕ್ಕನಿಗೆ ತುಂಬ ಖುಷಿಯಾಗಿರುತ್ತೆ ಅಲ್ವಾ ಮೇಷ್ಟ್ರೇ?" ಎಂದಳು. ಹೂಂ ಅಂದೆ.

ನನ್ನ ಕೆಲಸ ನಾಲ್ಕು ವರ್ಷ ಉಳಿಯಿತು. ಅದಕ್ಕೆ ನೀನು ಏಳು ವರ್ಷ ಕೊಟ್ಟೆ, ನಾನು ತೆಗೆದುಕೊಂಡೆ.

ಮೇಷ್ಟ್ರು